ರಾತ್ರಿ ಹೋಟೆಲಿನಲ್ಲಿ ಎಷ್ಟು ಜನ

ಬೆಟ್ಟದ ಸೀಮೆಯಲ್ಲಿ ಭೂಕಂಪವಾದರೆ ಯಾವ ಕಟ್ಟಡ ನಿಂತೀತು, ಯಾವುದು ಬಿದ್ದೀತು ಎಂದು ಅಂದಾಜು ಮಾಡುವುದು ನನ್ನ ಉದ್ಯೋಗ. ಕೂತಿರುವುದು ಮಾತ್ರ ಗುಡ್ಡವೇ ಕಾಣದ ಚೆನ್ನೈನ ಕೋಡಂಬಾಕ್ಕಂನಲ್ಲಿ. ನಗುವವರು ನಗಲಿ. ಹಿಮಾಲಯದ ಇಳಿಜಾರು, ಮಣ್ಣಿನ ಗುಣ, ಹಿಂದಿನ ಕಂಪನಗಳ ವಿವರ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿ ನಕ್ಷೆ ಮಾಡುತ್ತೇವೆ. ಅದರಲ್ಲಿ ಕೆಂಪಿದ್ದ ಕಡೆ ಅಪಾಯ ಹೆಚ್ಚು.

ಹೋದ ವರ್ಷ ಆ ಕೆಂಪಿನೊಳಗೇ ನನ್ನ ಅಣ್ಣ ಹೋಟೆಲು ಹಾಕಲು ಹೊರಟ. ನಮ್ಮದು ಕರಾವಳಿಯಿಂದ ಬಂದು ಇಲ್ಲೇ ಪಕ್ಕದ ವಡಪಳನಿಯಲ್ಲಿ ಇಡ್ಲಿ ಬೇಯಿಸಿ ಬದುಕಿದ ಮನೆ. ಯಾತ್ರೆಗೆ ಹೋಗುವ ನಮ್ಮ ಕಡೆಯವರಿಗೆ ಅಲ್ಲಿ ನೆಟ್ಟಗೆ ಒಂದು ಸಾಂಬಾರು ಸಿಗುವುದಿಲ್ಲ ಎಂಬುದು ಅವನ ವಾದ. ಬಾಡಿಗೆಗೆ ನೋಡಿದ ಕಟ್ಟಡದ ಫೋಟೋ ಕಳಿಸಿದ. ಮೇಲಿನ ಅಂತಸ್ತುಗಳಲ್ಲಿ ಅಂಗಡಿ, ಗೋದಾಮು. ಹೋಟೆಲಿಗೆಂದು ಇಟ್ಟ ಕೆಳಗಿನ ಅಂತಸ್ತಿನಲ್ಲಿ ಗೋಡೆಗಳೇ ಇಲ್ಲ, ಬರೀ ಕಂಬ. ನೆಲ ಅಲುಗಿದರೆ ಮೊದಲು ಕುಸಿಯುವುದು ಅಂಥದ್ದೇ.

ಬಿದ್ದರೆ ಎಷ್ಟು ಜನ ಸತ್ತಾರು ಎಂದು ಲೆಕ್ಕ ಹಾಕಲು ಕೂತೆ. ಒಂದೊಂದು ಕಟ್ಟಡದಲ್ಲೂ ಹಗಲು ಎಷ್ಟು ಜನ, ರಾತ್ರಿ ಎಷ್ಟು ಜನ ಎಂದು ತುಂಬಬೇಕು. ಅಂಗಡಿ, ಹೋಟೆಲುಗಳಿಗೆ ರಾತ್ರಿ ಸೊನ್ನೆ ಹಾಕುವುದು ನಮ್ಮಲ್ಲಿ ರೂಢಿ. ಸೊನ್ನೆ ಒತ್ತಿದವಳು ಅದನ್ನು ಅಳಿಸಿಬಿಟ್ಟೆ. ಮದುವೆಯಾಗುವವರೆಗೂ ಅಪ್ಪ ಮಲಗುತ್ತಿದ್ದದ್ದು ಹೋಟೆಲಿನಲ್ಲೇ, ಎರಡು ಮೇಜು ಜೋಡಿಸಿಕೊಂಡು. ಊರಿಂದ ಬಂದ ಅಡುಗೆಯವರು, ಸಪ್ಲಾಯರುಗಳು ಎಲ್ಲರೂ ಹಾಗೆಯೇ. ಷಟರು ಎಳೆದ ಮೇಲೆ ನಮ್ಮವರ ಹೋಟೆಲು ಯಾವತ್ತು ಖಾಲಿಯಿತ್ತು?

ಕೂಡಲೇ ಅಣ್ಣನಿಗೆ ಫೋನು ಮಾಡಿದೆ.

"ಕೆಲಸದವರು ರಾತ್ರಿ ಎಲ್ಲಿ ಮಲಗುದು ಅಣ್ಣ?"

"ಮತ್ತೆಲ್ಲಿ? ಹೋಟೆಲಲ್ಲೇ. ಎಲ್ಲರಿಗೂ ರೂಮು ಮಾಡ್ಲಿಕ್ಕೆ ಆಗ್ತದಾ ಮಾರಾಯ್ತಿ?"

"ಆ ಕಟ್ಟಡ ಬೇಡ. ಬೇರೆ ನೋಡು."

"ಸುಮ್ಮಾ ಹೆದರಿಸ್ಬೇಡ. ಭೂಕಂಪ ಯಾವತ್ತು ಬರ್ತದೆ ಹೇಳು, ಅವತ್ತು ಬಾಗಿಲು ಹಾಕ್ತೇನೆ."

"ಯಾವತ್ತು ಅಂತ ಯಾರಿಗೂ ಗೊತ್ತಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ?"

"ಇದನ್ನು ಹೇಳ್ಲಿಕ್ಕೆ ಅಷ್ಟು ವರ್ಷ ಓದ್ಬೇಕಿತ್ತಾ?" ಎಂದು ನಕ್ಕ. ಅಷ್ಟು ಕಡಿಮೆ ಬಾಡಿಗೆಗೆ ಪೇಟೆಯ ನಡುವೆ ಬೇರೆ ಜಾಗ ಸಿಗದು ಎಂದ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು ನನಗೆ. ಸಿಟ್ಟೂ ಬಂತು, ಅದಕ್ಕಿಂತ ಹೆಚ್ಚು ಭಯವಾಯಿತು. ಕೊನೆಗೆ, ನೀನಾದರೂ ಬೇರೆ ಕಡೆ ರೂಮು ಮಾಡಿಕೋ ಎಂದು ಬೇಡಿಕೊಂಡೆ.

ಅವನ ನಗು ನಿಂತಿತು.

"ಅವರನ್ನು ಅಲ್ಲಿ ಮಲಗಿಸಿ ನಾನೊಬ್ಬ ಬೇರೆ ಕಡೆ ಮಲಗುದಾ? ಅಂಥ ಬುದ್ಧಿ ನಮ್ಮ ಮನೇಲಿ ಯಾರಿಗೆ ಉಂಟು ಹೇಳು."

ಯಾರಿಗೂ ಇರಲಿಲ್ಲ. ಹೋಟೆಲು ಈಗ ನಡೆಯುತ್ತಿದೆ, ವ್ಯಾಪಾರ ಚೆನ್ನಾಗಿದೆಯಂತೆ. ಆ ಕಟ್ಟಡದಲ್ಲಿ ರಾತ್ರಿ ಎಷ್ಟು ಜನ ಎಂಬಲ್ಲಿ ನಾನು ಅಣ್ಣನನ್ನೂ ಸೇರಿಸಿ ಬರೆದೆ.