ಹಣ್ಣಾದ ಹುಳುವೂ ಹತ್ತು ಗಂಟೆಯ ಪಾಠವೂ

ನಮ್ಮ ಮನೆಯಲ್ಲಿ ಇಂಟರ್ನೆಟ್ ಕೈಕೊಟ್ಟರೆ ಮೊದಲು ಎದ್ದು ನಿಲ್ಲುವವಳು ನಾನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ಸಿಸ್ಟರ್ ಆಗಿ ದುಡಿದವಳಿಗೆ ಏನಾದರೂ ಕೆಟ್ಟಿದೆ ಎಂದು ಗೊತ್ತಾದ ಮೇಲೆ ಸುಮ್ಮನೆ ಕೂತಿರಲು ಬರುವುದಿಲ್ಲ. ಏಳುವ ಹೊತ್ತು, ಹಾಸಿಗೆ ಮಡಿಸುವ ರೀತಿ, ಬಟ್ಟೆ ಒಣಹಾಕುವ ಕ್ರಮ, ಯಾವುದನ್ನೂ ನಿವೃತ್ತಿಯ ನಂತರ ಬದಲಿಸಿಕೊಂಡಿಲ್ಲ.

ಹೊಂಗನೂರಿನ ಪಕ್ಕದಲ್ಲಿರುವ ನನ್ನ ತಮ್ಮನ ಮನೆಗೆ ಬಂದು ಸೇರಿದ್ದು ಅವನ ಹೆಂಡತಿ ತೀರಿಕೊಂಡ ಮೇಲೆ. ಅವನದು ರೇಷ್ಮೆ ಹುಳು ಸಾಕುವ ಮನೆ. ನನಗೆ ಒಗ್ಗಿಕೊಳ್ಳಲು ಕಷ್ಟವಾಗಲಿಲ್ಲ, ಏಕೆಂದರೆ ಹುಳುವಿನ ಮನೆಯೂ ಒಂದು ವಾರ್ಡೇ. ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಬೇಕು, ಕೈಕಾಲು ತೊಳೆಯದೆ ಯಾರೂ ಒಳಗೆ ಕಾಲಿಡಬಾರದು, ಶೆಕೆ ಹೆಚ್ಚಾದರೆ ಕಿಟಕಿ ತೆಗೆಯಬೇಕು, ಥಂಡಿಯಾದರೆ ಪರದೆ ಇಳಿಸಬೇಕು. ಹುಳು ಪೊರೆ ಬಿಡಲು ಮಲಗಿದರೆ ಇಲ್ಲಿಯವರು ಅದಕ್ಕೆ ಜ್ವರ ಬಂದಿದೆ ಎನ್ನುತ್ತಾರೆ. ಮೊದಲ ಬಾರಿ ಕೇಳಿದಾಗ ನಾನು ಥರ್ಮಾಮೀಟರ್ ಹುಡುಕಿದೆ ಎಂದು ತಮ್ಮ ಊರೆಲ್ಲ ಹೇಳಿಕೊಂಡು ಬಂದ. ಅದು ಸುಳ್ಳು.

ತಮ್ಮನ ಮಗ ಚನ್ನಪಟ್ಟಣದ ಬೊಂಬೆ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಾನೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅವನ ಹೆಂಡತಿ ಮಾಗಡಿ ಕಡೆಯ ಹುಡುಗಿ, ಬಿ.ಎಡ್. ಓದಿದವಳು. ಬೆಂಗಳೂರಿನ ಒಂದು ಸಂಸ್ಥೆಯ ಮೂಲಕ ನಮ್ಮ ನಡುಮನೆಯಲ್ಲಿಯೇ ಕುಳಿತು, ಎಲ್ಲೆಲ್ಲಿಯೋ ಇರುವ ಮಕ್ಕಳಿಗೆ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹೇಳಿಕೊಡುತ್ತಾಳೆ. ಅವಳಿಗೆ ಮೊಲೆಹಾಲು ಕುಡಿಯುವ ಮಗುವಿದೆ. ಪಾಠದ ಹೊತ್ತಿನಲ್ಲಿ ಅದು ನನ್ನ ಕೈಯಲ್ಲಿರುತ್ತದೆ. ಪಾಠ ಮುಗಿದ ಕೂಡಲೇ ತಾಯಿಯ ಮಡಿಲಿಗೆ. ಈ ಏರ್ಪಾಡು ಎಲ್ಲರಿಗೂ ಒಗ್ಗಿಹೋಗಿತ್ತು.

ಕೆಡಿಸುತ್ತಿದ್ದದ್ದು ಇಂಟರ್ನೆಟ್. ತಿಂಗಳುಗಟ್ಟಲೆ ಚೆನ್ನಾಗಿ ಓಡುತ್ತದೆ. ಇದ್ದಕ್ಕಿದ್ದಂತೆ ಎರಡು ಮೂರು ದಿನ ಹಗಲೆಲ್ಲ ಎಳೆದಾಡುತ್ತದೆ. ಮಕ್ಕಳ ಮುಖಗಳು ಬಾಯಿ ತೆರೆದಂತೆಯೇ ನಿಂತುಬಿಡುತ್ತವೆ, ಮಾತು ತುಂಡುತುಂಡಾಗುತ್ತದೆ, ಆಮೇಲೆ ಪರದೆಯ ಮೇಲೆ ಗಿರಗಿರ ತಿರುಗುವ ಬಳೆಯೊಂದೇ ಉಳಿಯುತ್ತದೆ. ದೂರು ಕೊಟ್ಟರೆ ಕೇಬಲ್‌ನವನು ಬರುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತದೆ. ನಡುವಯಸ್ಸಿನ, ನಗುಮುಖದ ಮನುಷ್ಯ ಅವನು. ಹಿಂದಿನ ಸಲ ಬಂದಾಗ ರೌಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ನೋಡಿ ಸಿಸ್ಟರ್, ಹಸಿರು ಲೈಟು ಹೆಂಗ್ ಉರೀತೈತೆ! ನಿಮ್ಮನೇಲಿ ಓಡ್ದಂಗೆ ನಮ್ ಆಫೀಸಲ್ಲೂ ಓಡಲ್ಲ" ಎಂದ.

"ಡಾಕ್ಟರ್ ರೌಂಡ್ಸಿಗೆ ಬಂದಾಗ ಎಲ್ಲ ರೋಗಿಗಳೂ ಚೆನ್ನಾಗೇ ಇರ್ತಾರಪ್ಪ. ನೀನು ಹೋದ ಮೇಲೆ ನೋಡಬೇಕು ಇದರ ಅವತಾರ" ಎಂದೆ.

"ಹಂಗಾದ್ರೆ ಇಲ್ಲೇ ಇದ್ಬುಡ್ತೀನಿ. ಎರಡೊತ್ತು ಮುದ್ದೆ ಹಾಕಿ."

ಮುದ್ದೆಯ ಬದಲು ಕಾಫಿ ಕುಡಿದು ಹೋದ.

ಹೀಗಿರುವಾಗ ಸೊಸೆಗೆ ಸಂಸ್ಥೆಯ ಮೇಲ್ವಿಚಾರಕಿಯಿಂದ ಫೋನು ಬಂತು. ಪಾಠ ಪದೇಪದೇ ನಿಂತುಹೋಗುತ್ತಿದೆ ಎಂದು ಮಕ್ಕಳ ಮನೆಯವರು ದೂರಿದ್ದಾರೆ, ಶನಿವಾರ ಹತ್ತು ಗಂಟೆಯ ಪಾಠಕ್ಕೆ ತಾನೂ ಲ್ಯಾಪ್‌ಟಾಪಿನಲ್ಲೇ ಸೇರಿ ನೋಡುತ್ತೇನೆ, ಅದೂ ಕೆಟ್ಟರೆ ಮನೆಯಿಂದ ಪಾಠ ಬೇಡ, ಬೆಂಗಳೂರಿನ ಕೇಂದ್ರಕ್ಕೇ ಬಂದು ಮಾಡಬೇಕು ಎಂದರಂತೆ. ಅಂದರೆ ಕತ್ತಲಿರುವಾಗಲೇ ಎದ್ದು ಚನ್ನಪಟ್ಟಣದ ಬಸ್ಸು ಹಿಡಿದು, ಅಲ್ಲಿಂದ ರೈಲು ಹತ್ತಿ, ಮತ್ತೆ ಕತ್ತಲಾದ ಮೇಲೆ ಮನೆಗೆ ಬರಬೇಕು. ಮಗುವಿಗೆ ಹಾಲು ಬಿಡಿಸಬೇಕು. ಇಲ್ಲವೇ ಕೆಲಸ ಬಿಡಬೇಕು.

"ಪಾಠ ಬುಡಾಕೂ ಮನಸಿಲ್ಲ ದೊಡ್ಡಮ್ಮ, ಇವನ್ನ ಬುಟ್ಟೋಗಾಕೂ ಮನಸಿಲ್ಲ" ಎಂದು ಮಗುವಿನ ಕಾಲು ಹಿಡಿದುಕೊಂಡು ಕೂತಳು.

"ಎರಡನ್ನೂ ಬಿಡಬೇಡ. ಮೊದಲು ರೋಗ ಎಲ್ಲಿದೆ ನೋಡೋಣ" ಎಂದೆ.

ಶುಕ್ರವಾರ ಬೆಳಿಗ್ಗೆ ಅದು ಮತ್ತೆ ಶುರುವಾಯಿತು. ನನಗೆ ಒಂದು ರೀತಿಯಲ್ಲಿ ಸಮಾಧಾನವೇ ಆಯಿತು. ಇರುವ ಕಾಯಿಲೆಯನ್ನು ಪತ್ತೆ ಮಾಡಬಹುದು, ಇಲ್ಲದಿರುವಾಗ ಮಾಡಲಾಗುವುದಿಲ್ಲ. ರೌಟರನ್ನು ಆರಿಸಿ, ಸ್ವಲ್ಪ ಬಿಟ್ಟು ಹಾಕಿದೆ. ಬದಲಾಗಲಿಲ್ಲ. ಅದು ಟೀವಿಯ ಹಿಂದೆ ಸೇರಿಕೊಂಡಿತ್ತು, ಹೊರಗೆ ತೆಗೆದು ಗೋಡೆಯ ಗೂಡಿನಲ್ಲಿ ಎತ್ತರಕ್ಕಿಟ್ಟೆ. ಬದಲಾಗಲಿಲ್ಲ. ತಮ್ಮನ ಫೋನಿನಲ್ಲಿ ಯಾವುದೋ ಎತ್ತಿನ ಜಾತ್ರೆಯ ವಿಡಿಯೋ ಓಡುತ್ತಿತ್ತು. ಕಿತ್ತುಕೊಂಡು ಆರಿಸಿದೆ.

"ನಾನ್ ಎತ್ತು ನೋಡುದ್ರೆ ಇಂಟರ್ನೆಟ್ಗೆ ಸುಸ್ತಾಯ್ತದಾ ಅಕ್ಕ?"

"ಆಗುತ್ತೆ. ಒಂದೇ ನಲ್ಲಿಗೆ ನಾಲ್ಕು ಬಿಂದಿಗೆ ಇಟ್ಟ ಹಾಗೆ."

ಎತ್ತು ನಿಂತರೂ ಪರದೆಯ ಬಳೆ ತಿರುಗುವುದು ನಿಲ್ಲಲಿಲ್ಲ. ಕೊನೆಗೆ ರೌಟರಿನಿಂದ ಲ್ಯಾಪ್‌ಟಾಪಿಗೆ ನೇರವಾಗಿ ವೈರ್ ಚುಚ್ಚಿಸಿದೆ. ಆಗಲೂ ಅದೇ ಪಾಡು. ಇಷ್ಟಾದ ಮೇಲೆ ಒಂದು ಖಚಿತವಾಯಿತು: ಕಾಯಿಲೆ ಮನೆಯ ಒಳಗಿಲ್ಲ. ಕೇಬಲ್‌ನವನಿಗೆ ಫೋನ್ ಮಾಡಿದರೆ, "ಕನಕಪುರದ ಕಡೆ ಕಂಬ ಬಿದ್ದೈತೆ ಸಿಸ್ಟರ್, ಸೋಮವಾರ ಬತ್ತೀನಿ" ಎಂದ. ಸೋಮವಾರಕ್ಕೆ ಬಂದರೆ ನಮಗೇನು ಪ್ರಯೋಜನ?

ಸಂಜೆಯಾದ ಮೇಲೆ ಹಸಿರು ದೀಪ ತಾನಾಗಿಯೇ ಸ್ಥಿರವಾಯಿತು. ಸರಿಹೋಯಿತು ಎಂದು ಸೊಸೆ ಹಿಗ್ಗಿದಳು. ನಾನು ಹಿಗ್ಗಲಿಲ್ಲ. ಔಷಧವಿಲ್ಲದೆ ಇಳಿದ ಜ್ವರವನ್ನು ನಂಬಬಾರದು ಎಂದು ನಮಗೆ ಕಲಿಸಿದ್ದರು.

ಶನಿವಾರ ಬೆಳಿಗ್ಗೆ ಎಂಟಕ್ಕೆ ನೋಡಿದಾಗ ಚೆನ್ನಾಗಿತ್ತು. ಸೊಸೆ ತಲೆ ಬಾಚಿ, ಒಳ್ಳೆಯ ಸೀರೆಯುಟ್ಟು, ಹಲಗೆ ಒರೆಸಿಟ್ಟಳು. ಬಿಸಿಲೇರಿತು. ಒಂಬತ್ತು ದಾಟಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿದರೆ ದೀಪ ಕೆಂಪಗೆ ಮಿಟುಕುತ್ತಿತ್ತು. ಸಿಗ್ನಲ್ ಸಿಗಲೆಂದು ಮಾಳಿಗೆಗೆ ಹೋಗಿ ಫೋನಿನಲ್ಲೇ ಪಾಠ ಮಾಡುವುದನ್ನು ಹಿಂದೊಮ್ಮೆ ಪ್ರಯತ್ನಿಸಿದ್ದಳು. ಗಾಳಿಯ ಸದ್ದಿನಲ್ಲಿ ಮಕ್ಕಳಿಗೆ ಏನೂ ಕೇಳಿಸಿರಲಿಲ್ಲ. ಈಗ ಅವಳು ಮಗುವನ್ನು ಎತ್ತಿಕೊಂಡು ಕಿಟಕಿಯ ಬಳಿ ನಿಂತಳು.

ಅವಳ ಮುಖ ನೋಡುತ್ತ ನನಗೆ ಡ್ರಿಪ್ ನೆನಪಾಯಿತು. ವಾರ್ಡಿನಲ್ಲಿ ಡ್ರಿಪ್ ನಿಧಾನವಾದರೆ ಬಾಟಲಿಯನ್ನು ದಿಟ್ಟಿಸುತ್ತ ನಿಲ್ಲುವುದಲ್ಲ. ಬಾಟಲಿಯ ಬಾಯಿಂದ ಸೂಜಿಯವರೆಗೆ ನಳಿಗೆಯ ಮೇಲೆ ಬೆರಳಾಡಿಸಿಕೊಂಡು ಬರಬೇಕು. ಎಲ್ಲೋ ಒಂದು ಕಡೆ ಮಡಿಕೆ ಬಿದ್ದಿರುತ್ತದೆ. ಬಹಳ ಸಲ ರೋಗಿಯೇ ಅದರ ಮೇಲೆ ಮಲಗಿರುತ್ತಾನೆ. ಇಂಟರ್ನೆಟ್ಟಿನ ತಂತಿಯೊಳಗೆ ಗಾಜಿನ ಎಳೆಯಿದೆ, ಅದರಲ್ಲಿ ಬೆಳಕು ಹರಿಯುತ್ತದೆ ಎಂದು ಕೇಬಲ್‌ನವನೇ ಹೇಳಿದ್ದ. ಬೆಳಕಿಗೂ ಮಡಿಕೆ ಅಡ್ಡಿಯಾಗುತ್ತದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದ ಕೆಲಸವೆಂದರೆ ಬೆರಳಾಡಿಸಿಕೊಂಡು ಹೋಗುವುದು. ಹೊರಟೆ.

ರೌಟರಿನಿಂದ ಗೋಡೆಯ ತೂತಿನವರೆಗೆ ಸರಿಯಾಗಿತ್ತು. ಹೊರಗೋಡೆಯ ಮೇಲೆ ಆ ಕಪ್ಪು ತಂತಿ ಆಳೆತ್ತರದಲ್ಲಿ ಸಾಗುತ್ತದೆ. ಅಲ್ಲಿಯೂ ಸರಿ. ಮನೆಯ ಮೂಲೆಗೆ ಬಂದಾಗ ತಂತಿ ಚಂದ್ರಿಕೆಗಳ ಹಿಂದೆ ಮರೆಯಾಯಿತು.

ಚಂದ್ರಿಕೆಯೆಂದರೆ ಬಾಗಿಲಗಲದ ಬಿದಿರಿನ ಚಾಪೆ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುತ್ತುಸುತ್ತಾಗಿ ನಿಲ್ಲಿಸಿರುತ್ತಾರೆ. ಹುಳು ಸೊಪ್ಪು ಬಿಟ್ಟು ಮೈ ಹಳದಿಗೆ ತಿರುಗಿದರೆ ಹಣ್ಣಾಯಿತು ಎಂದು ಲೆಕ್ಕ. ಅಂಥವನ್ನು ಆರಿಸಿ ಚಂದ್ರಿಕೆಯ ಮೇಲೆ ಬಿಟ್ಟರೆ ಸುತ್ತುಗಳ ನಡುವೆ ಗೂಡು ಕಟ್ಟಲು ತೊಡಗುತ್ತವೆ. ಗಾಳಿಯಾಡಲೆಂದು ಹಗಲು ಅಂಗಳದಲ್ಲಿ ಗೋಡೆಗೆ ಒರಗಿಸಿ, ಕತ್ತಲಾಗುವ ಮುಂಚೆ ಅಲುಗದಂತೆ ಎತ್ತಿ ಒಳಗಿಡುತ್ತಾರೆ. ನಮ್ಮ ಹುಳು ಹಣ್ಣಾಗತೊಡಗಿದ್ದು ಶುಕ್ರವಾರದಿಂದ.

ಕತ್ತು ಬಗ್ಗಿಸಿ ಹಿಂದೆ ನೋಡಿದೆ. ಮೊದಲ ಚಂದ್ರಿಕೆ ಗಾಳಿಗೆ ಬೀಳದಿರಲಿ ಎಂದು ತಮ್ಮ ಅದರ ಮೇಲ್ತುದಿಯನ್ನು ತಂತಿಯ ಹಿಂದೆ ತೂರಿಸಿ ಸಿಕ್ಕಿಸಿದ್ದ. ತಂತಿ ಬಿದಿರಿನ ಅಂಚಿಗೆ ಸುತ್ತಿಕೊಂಡು, ಗೋಡೆಯ ಮೂಲೆಗೆ ಒತ್ತಿ, ಮೊಣಕೈಯಂತೆ ಮಡಚಿಕೊಂಡಿತ್ತು. ಮಿಕ್ಕ ಚಂದ್ರಿಕೆಗಳೆಲ್ಲ ಆ ಒಂದಕ್ಕೆ ಒರಗಿದ್ದವು.

"ಇದನ್ನ ಯಾಕೋ ಇಲ್ಲಿ ಸಿಗಿಸಿದೆ?"

"ಬಿಗಿಯಾಗಿ ನಿಲ್ತದೆ ಅಂತ. ಹೋದ್ ಬೆಳೇಲೂ ಅಲ್ಲೇ ಸಿಕ್ಸಿದ್ದೆ" ಎಂದ. ತಟ್ಟೆಯಿಂದ ಹುಳು ಆರಿಸುತ್ತಿದ್ದವನು, ನಾನು ಕೈ ಹಾಕಿದ್ದು ಕಂಡ ಕೂಡಲೇ ಓಡಿ ಬಂದ. "ಮುಟ್ಬ್ಯಾಡ ಅಕ್ಕ! ನೂಲು ಬುಡ್ತಾ ಅವೆ. ಅಲ್ಲಾಡುದ್ರೆ ಗೂಡು ಕೆಡ್ತದೆ."

"ಹತ್ತು ಗಂಟೆಗೆ ಪಾಠ ಇದೆ ಕಣೋ."

"ಅದುನ್ನ ಹುಳಕ್ಕೆ ಹೇಳು."

ಅವನ ಮಾತು ತಪ್ಪಲ್ಲ. ಬೆಳೆಗೆ ಮನೆಮಂದಿಯೆಲ್ಲ ಎಷ್ಟು ದುಡಿದಿದ್ದೆವು ಎಂಬುದು ನನಗೂ ಗೊತ್ತು. ಆದರೆ ಅವನು ಹಾಗೆ ಹೇಳಿ ತಲೆಯೆತ್ತಿದಾಗ ಕಿಟಕಿಯಲ್ಲಿ ಸೊಸೆ ಕಂಡಳು. ಕಂಕುಳಲ್ಲಿದ್ದ ಮಗು ತಾತನನ್ನು ನೋಡಿ ಕಿಟಕಿಯ ಸರಳು ಬಡಿಯಿತು. ತಮ್ಮ ಟವೆಲನ್ನು ಸೊಂಟಕ್ಕೆ ಬಿಗಿದು, ಚಂದ್ರಿಕೆಯ ಪಕ್ಕಕ್ಕೆ ಭುಜ ಕೊಟ್ಟು, ಇಡೀ ಸಾಲಿನ ಭಾರವನ್ನು ತನ್ನ ಮೈಮೇಲೆ ತೆಗೆದುಕೊಂಡ.

"ನಾನ್ ಹಿಡ್ಕಂಡಿರ್ತೀನಿ. ನೀನು ತಂತಿ ಬುಡ್ಸು. ಚಂದ್ರಿಕೆ ಅಲ್ಲಾಡುದ್ರೆ ನೋಡು ಮತ್ತೆ."

"ಒಸಿ ಮುಂದಕ್ಕೆ ಬಾ" ಎಂದೆ. ಇಂಥ ಹೊತ್ತಿನಲ್ಲಿ ನನ್ನ ಬಾಯಲ್ಲೂ ಊರಿನ ಮಾತೇ ಬರುತ್ತದೆ.

"ಬಂದೆ. ಬೇಗ ಬುಡ್ಸೇ, ಹುಳ ಕತ್ತಿನೊಳಕ್ಕೆ ಇಳೀತಾ ಐತೆ!"

ನಗು ತಡೆದುಕೊಂಡು, ಎಳೆಯದೆ, ಜಗ್ಗದೆ, ನಿದ್ದೆಯಲ್ಲಿರುವ ರೋಗಿಯ ತೋಳಿನಡಿಯಿಂದ ನಳಿಗೆ ಬಿಡಿಸುವ ಹಾಗೆ ತಂತಿಯನ್ನು ಬಿದಿರಿನಿಂದ ಜಾರಿಸಿದೆ. ಮಡಿಕೆ ಬಿಚ್ಚಿಕೊಂಡು ತಂತಿ ಸಡಿಲವಾಗಿ ತೂಗಿತು. ಒಳಗಿನಿಂದ ಸೊಸೆಯ ಕೂಗು ಕೇಳಿಸಿತು.

"ದೊಡ್ಡಮ್ಮ, ಹಸಿರು! ಹಸಿರು ಬಂತು!"

ಆದರೆ ಆಸರೆ ತಪ್ಪಿದ ಚಂದ್ರಿಕೆಗಳ ಸಾಲನ್ನು ತಮ್ಮ ಹಿಡಿದೇ ನಿಂತಿರಬೇಕಾಯಿತು. ನಾನು ಒಳಗೆ ಓಡಿ ಮಗುವನ್ನು ಎತ್ತಿಕೊಂಡು, ಹಗ್ಗ ಹುಡುಕಿಕೊಂಡು ಬರುವಷ್ಟರಲ್ಲಿ ಪಾಠ ಆರಂಭವಾಗಿತ್ತು. ಕಿಟಕಿ ಪಕ್ಕದಲ್ಲೇ ಇದ್ದುದರಿಂದ ನಾವು ಪಿಸುಮಾತಿನಲ್ಲೇ ಜಗಳವಾಡಿದೆವು. ಮಗುವನ್ನು ಒಂದು ಕಂಕುಳಲ್ಲಿಟ್ಟುಕೊಂಡು ಕಿಟಕಿಯ ಸರಳಿಗೆ ಹಗ್ಗ ಹಾಕಿ, ಚಂದ್ರಿಕೆಯನ್ನು ಗೋಡೆಯಿಂದ ತುಸು ಈಚೆಗೆ ನಿಲ್ಲಿಸಿ ಕಟ್ಟಿದೆ. ಬ್ಯಾಂಡೇಜ್ ಕಟ್ಟುವ ಗಂಟು, ಬಿಗಿಯಾದರೂ ಒತ್ತುವುದಿಲ್ಲ. ತಮ್ಮ ಅಂಗಿಯ ಕತ್ತಿನೊಳಗೆ ಕೈ ಹಾಕಿ ಹುಳುವನ್ನು ತೆಗೆದು, ಬೈಯದೆ ಚಂದ್ರಿಕೆಯ ಮೇಲೆ ಬಿಟ್ಟ. ಸೋಮವಾರ ಕೇಬಲ್‌ನವನಿಂದ ಆ ತಂತಿಯನ್ನು ಸೂರಿನೆತ್ತರಕ್ಕೆ ಏರಿಸಿ, ಮೂಲೆಯಲ್ಲಿ ದುಂಡಗೆ ಬಾಗುವಂತೆ ಕ್ಲಿಪ್ ಹೊಡೆಸಿದ್ದೂ ಆಯಿತು. ಆದರೆ ಆ ಶನಿವಾರ ನಮಗೆ ಬೇಕಿದ್ದದ್ದು ಆ ಒಂದು ಗಂಟೆ ಮಾತ್ರ.

ನಾವಿಬ್ಬರೂ ಜಗಲಿಯ ಮೇಲೆ ಕೂತೆವು. ಒಳಗೆ ಅವಳು ಭಿನ್ನರಾಶಿ ಹೇಳಿಕೊಡುತ್ತಿದ್ದಳು. ರೊಟ್ಟಿ ಮುರಿಯುವುದನ್ನು ತೋರಿಸಿ ಅರ್ಧ, ಕಾಲು, ಅರೆಕಾಲು. ಯಾವುದೋ ಊರಿನ ಮಗುವೊಂದು ರೊಟ್ಟಿ ಮುರಿದರೂ ತಿನ್ನೋದು ಅಷ್ಟೇ ಅಲ್ಲವಾ ಮಿಸ್ ಎಂದು ಕೇಳಿತು. ಉಳಿದವು ನಕ್ಕವು. ನಗು ಎಲ್ಲೂ ತುಂಡಾಗದೆ ಪೂರ್ತಿಯಾಗಿ ಅಂಗಳದವರೆಗೆ ಕೇಳಿಸಿತು. ನಮ್ಮ ಮಗು ಅದನ್ನು ಕೇಳಿ ಕೈಯಾಡಿಸಿತು.

ಪಾಠ ಮುಗಿಯಿತು. ಮಕ್ಕಳು ಹೋದ ಮೇಲೂ ಒಳಗೆ ಮಾತು ನಡೆಯುತ್ತಿತ್ತು. ಮೇಲ್ವಿಚಾರಕಿಯ ದನಿ ಸ್ಪಷ್ಟವಾಗಿತ್ತು, ಮಾತು ತಿಳಿಯುತ್ತಿರಲಿಲ್ಲ. ತಮ್ಮ ಹುಳು ಆರಿಸುವುದನ್ನು ಬಿಟ್ಟು ಬಾಗಿಲ ಕಡೆಗೇ ಕಿವಿಯಿಟ್ಟಿದ್ದ. ಕೇಳಿದರೆ ಇಲ್ಲ ಎನ್ನುತ್ತಾನೆ.

ಸೊಸೆ ಹೊರಗೆ ಬಂದಳು. ಬೆರಳುಗಳಿಗೆ ಸೀಮೆಸುಣ್ಣ ಮೆತ್ತಿತ್ತು. ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡು, ಸೆರಗಿನೊಳಗೆ ಸೇರಿಸಿಕೊಂಡು, ಜಗಲಿಯ ಕಂಬಕ್ಕೆ ಒರಗಿ ಕೂತಳು.

"ಮನೆಯಿಂದ್ಲೇ ಮಾಡಿ ಅಂದ್ರು, ಮಾವ. ನಾನ್ ಎಲ್ಲೂ ಹೋಗಲ್ಲ."

ತಮ್ಮ ಹುಳುವಿನ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವಳ ಪಕ್ಕದಲ್ಲಿಟ್ಟ.

"ಹಂಗಾದ್ರೆ ಮಗ ಹಾಲು ಕುಡ್ದ್ಮೇಲೆ ಬಾರವ್ವ" ಎಂದ. "ಹಣ್ಣಾಗಿರೋವು ಇನ್ನೂ ಬಾಳ ಅವೆ. ನಿಮ್ ದೊಡ್ಡಮ್ಮ ಆರ್ಸುದ್ರೆ ಒಂದೊಂದ್ ಹುಳದ್ದೂ ನಾಡಿ ನೋಡ್ತಾಳೆ."