ಜಾತಿ ಒಂದೇ, ಪ್ರಭೇದ ಬೇರೆ

ಅಕ್ಕ ಸೇಡಂನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಅವಳ ಗಂಡನ ಮನೆಯವರು ಗುಡಿ ಪೂಜೆಯವರು, ಮಡಿ ಬಹಳ. ನಾನು ವಾಡಿಯಿಂದ ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಎರಡು ಸಾವಿರ ಇಸವಿ ದಾಟಿದ ಹೊಸತು. ಇದನ್ನು ಬರೆಯಲು ಅಕ್ಕ ಒಪ್ಪಿದ್ದಾಳೆ. "ಮುಚ್ಚಿಟ್ಟು ಬರೀಬ್ಯಾಡ" ಎಂದು ಷರತ್ತನ್ನೂ ಹಾಕಿದ್ದಾಳೆ.

ಅವಳಿಗೆ ಆಗಿದ್ದು ಹೆಂಗಸರಲ್ಲಿ ಸಾಮಾನ್ಯವಾದ ಈಸ್ಟ್ ಸೋಂಕು: ತುರಿಕೆ, ಉರಿ, ಬಿಳಿ ಸೆರಗು. ಡಾಕ್ಟರು ಕೊಟ್ಟ ಗುಳಿಗೆಯನ್ನು ತಪ್ಪದೆ ನುಂಗಿದರೂ ಅದು ಮರಳಿ ಬರುತ್ತಿತ್ತು. ಅವಳ ಅತ್ತೆ ಕೊನೆಗೆ ಕಾರಣ ಕಂಡುಹಿಡಿದರು. ಅಕ್ಕ ಮಧ್ಯಾಹ್ನ ಜೊತೆಯ ಶಿಕ್ಷಕಿಯ ಬಾಟಲಿಯಿಂದ ನೀರು ಕುಡಿಯುತ್ತಿದ್ದಳು. ಆ ಶಿಕ್ಷಕಿ ರಾವೂರದ, ಬೌದ್ಧರಾದ ದಲಿತ ಮನೆತನದವರು.

"ಕಂಡವರ ನೀರ ಕುಡದ್ರ ಇನ್ನೇನಾಗ್ತದ? ಒಲಿ ಮುಟ್ಟಬ್ಯಾಡ. ಸಾಲಿ ಬಿಡು, ಇಲ್ಲಾ ತವರಿಗಿ ನಡಿ," ಎಂದರು ಅತ್ತೆ.

ಕೊಡ್ಲಿ ಊರಿನ ಕಡೆಯ ನನ್ನ ಸಹಪಾಠಿಯೊಬ್ಬಳು ಹೈದರಾಬಾದಿನ ಪ್ರಯೋಗಾಲಯದಲ್ಲಿ ಇದೇ ಈಸ್ಟುಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಅಕ್ಕನನ್ನು ರೈಲಿನಲ್ಲಿ ಅಲ್ಲಿಗೆ ಕರೆದೊಯ್ದೆ; ಸೋಂಕಿನ ಮಾದರಿ ತೆಗೆದುಕೊಂಡರು. ಸೂಕ್ಷ್ಮದರ್ಶಕದಡಿ ಹಲವು ಈಸ್ಟುಗಳು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಸಹಪಾಠಿ ಈಸ್ಟಿನ ಡಿಎನ್ಎಯ ಒಂದು ಗೊತ್ತಾದ ಭಾಗವನ್ನು ಯಂತ್ರದಲ್ಲಿ ನಕಲು ಮಾಡಿ ಹೆಚ್ಚಿಸಿ, ಕಿಣ್ವದಿಂದ ತುಂಡರಿಸಿ, ವಿದ್ಯುತ್ ಹಾಯಿಸಿ ಜೆಲ್‌ನಲ್ಲಿ ಓಡಿಸುತ್ತಿದ್ದಳು. ಉದ್ದದ ತುಂಡು ಹಿಂದೆ ಉಳಿದು ಗಿಡ್ಡದ್ದು ಮುಂದೆ ಹೋಗಿ ಪಟ್ಟೆಗಳಾಗುತ್ತವೆ. ಆ ಪಟ್ಟೆಗಳ ಸಾಲು ನೋಡಿ ಯಾವ ಈಸ್ಟ್ ಎಂದು ಹೇಳಬಹುದು.

ಎರಡನೇ ಸಲ ಹೋದಾಗ ಅಕ್ಕನ ಮಾದರಿಯ ಪಟ್ಟೆಗಳ ಫೋಟೊ ತೋರಿಸಿದಳು. "ಇದು ಸಾದಾ ಈಸ್ಟ್ ಅಲ್ಲಕ್ಕಾ, ಅದರ ಬಳಗದ್ದೇ ಬೇರೆ ಪ್ರಭೇದ. ನೀವು ನುಂಗಿದ ಗುಳಿಗಿಗಿ ಇದು ಜಗ್ಗಂಗಿಲ್ರಿ. ಔಷಧ ಬದಲಾಗಬೇಕು."

"ನೀರಿನಿಂದ ಬರ್ತದೇನು?" ಅಕ್ಕ ಕೇಳಿದಳು.

"ಇಲ್ರಿ. ಭಾಳ ಮಂದಿ ಮೈಯಾಗ ಸುಮ್ಮನ ಇರ್ತದ. ಮಡಿಯವರ ಮೈಯಾಗೂ."

ಸೇಡಂಗೆ ಮರಳಿದಾಗ ಅತ್ತೆ ಪಡಸಾಲೆಯಲ್ಲೇ ಕೇಳಿದರು, "ಏನಂದ್ರು?" ಓದುಗರಿಗೆ ಕಠಿಣ ಪದ ಬೇಡ ಎಂಬ ಪತ್ರಿಕೆಯ ರೂಢಿ ನನ್ನದು. ವಿಜ್ಞಾನದಲ್ಲಿ ಒಂದು ಜಾತಿಯೊಳಗಿನ ಬಗೆಗೆ ಹೇಳುವ ಪ್ರಭೇದ ಎಂಬ ಪದದ ಬದಲು, "ಈ ಈಸ್ಟಿನ ಜಾತಿ ಬೇರೆ ಅದಂತ್ರಿ," ಎಂದೆ.

"ಬೇರೆ ಜಾತಿ!" ಅತ್ತೆ ಗೆದ್ದವರಂತೆ ನಿಂತರು. "ನಾ ಮೊದಲೇ ಹೇಳಿದ್ದಿಲ್ಲೇನು?"

ಅಕ್ಕ ಚಪ್ಪಲಿ ಕಳಚುತ್ತಲೇ ಹೇಳಿದಳು, "ಜಾತಿ ಒಂದೇ ಅದರಿ, ಅತ್ತಿ. ಪ್ರಭೇದ ಬೇರೆ. ಹುಡುಗ್ರಿಗಿ ದಿನಾ ಇದೇ ಕಲಸ್ತೀನಿ. ನಿಮಗೂ ಕಲಸ್ತೀನಿ, ಕುಂದ್ರಿ."

"ನನಗ ಪಾಠ ಹೇಳ್ತಿ?"

"ಹೂಂರಿ. ಸಾಲಿ ಬಿಡಂಗಿಲ್ಲ, ತವರಿಗೂ ಹೋಗಂಗಿಲ್ಲ. ಒಲಿ ನೀವೇ ಇಟ್ಕೋರಿ."

ಮರುದಿನ ಶಾಲೆಯಲ್ಲಿ ನೀರಿನ ಬಾಟಲಿಯ ಗೆಳತಿ ಇಬ್ಬರಿಗಾಗುವಷ್ಟು ರೊಟ್ಟಿ ತಂದಿದ್ದರು. "ಬರ್ರಿ ಬಾಯಾರ, ಜಾತಿ ಕೆಡಿಸ್ಕೋರಿ."

"ಪಲ್ಯಾ ಭಾಳ ಹಾಕ್ರಿ, ಪ್ರಭೇದನೂ ಕೆಡಲಿ," ಎಂದಳು ಅಕ್ಕ.

ಹೊಸ ಔಷಧಕ್ಕೆ ಸೋಂಕು ಬಗ್ಗಿತು. ಅತ್ತೆ ಧ್ವನಿ ತಗ್ಗಿಸಿ, ನೀರಿನ ತಪ್ಪಲ್ಲವೆಂದು ಗೊತ್ತಾಯಿತು, ಇನ್ನು ಅಡುಗೆಮನೆಗೆ ಬಾ ಎಂದರು. ಆ ಕಾರಣಕ್ಕೆ ಒಳಗೆ ಹೋಗಲು ಅಕ್ಕ ಒಪ್ಪಲಿಲ್ಲ.

"ನೀರಿನ ತಪ್ಪಿಲ್ಲ ಅಂತ ಪುರಾವಿ ಸಿಕ್ತು ಅಂತ ಅವರ ನೀರ ಕುಡೀಲಿಕತ್ತಿಲ್ರಿ ನಾ," ಎಂದಳು. "ಪುರಾವಿ ಇಲ್ಲದಾಗೂ ಕುಡೀತಿದ್ದೆ."