ಚಂದವ್ವನ ಮೂರು ಬಡಿತ

ಗುಳೇದಗುಡ್ಡದಲ್ಲಿ ನಮ್ಮ ಓಣಿಗೆ ಬಂದು ಚಂದವ್ವನ ಮನೆ ಯಾವುದು ಎಂದು ಕೇಳಿದರೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಸ್ವಲ್ಪ ಸುಮ್ಮನೆ ನಿಲ್ಲಿ ಎಂದು ಸನ್ನೆ ಮಾಡುತ್ತಾರೆ. ಮಾತು ಯಾವ ಮನೆಯಿಂದ ಕೇಳಿಬರುತ್ತದೋ ಅದೇ ಚಂದವ್ವನ ಮನೆ. ಹಾಲಿನವನ ಜೊತೆ, ಬೆಕ್ಕಿನ ಜೊತೆ, ನಲ್ಲಿಯಲ್ಲಿ ಬಾರದ ನೀರಿನ ಜೊತೆ ಕೂಡ ಆಕೆ ಮಾತಾಡುತ್ತಾಳೆ. ಅಂಥವಳು ಕಟ್ಟಿಕೊಂಡ ಗಂಡನ ಜೊತೆ ಮಾತ್ರ ಎಂಟು ತಿಂಗಳು ಒಂದಕ್ಷರ ಆಡಲಿಲ್ಲ.

ಇದರಿಂದ ತೊಂದರೆಯಾದದ್ದು ಗಂಡನಿಗಲ್ಲ, ಹೆಂಡತಿಗಲ್ಲ, ನನಗೆ. ನಾನು ನೇತ್ರಾ, ಬಾಜೂ ಮನೆಯವಳು, ಕುಬಸ ಹೊಲಿಯುವವಳು. ಚಂದವ್ವ ಕಾಕು ನೇಯ್ದ ಖಣ ನನ್ನ ಕತ್ತರಿಗೆ ಬರುತ್ತಿತ್ತು, ಹಾಗಾಗಿ ಎರಡೂ ಮನೆ ಒಂದೇ ಆಗಿದ್ದವು. ಒಂದೇ ಮನೆಯಾದರೆ ಜಗಳವೂ ಪಾಲಿಗೆ ಬರುತ್ತದೆ ನೋಡಿ.

ಕಾಕುವಿನ ಗಂಡ ಪಾಂಡಪ್ಪ ಕಾಕಾ ವಾಯುಪಡೆಯಲ್ಲಿ ವಿಮಾನಗಳ ತಗಡಿನ ಕೆಲಸ ಮಾಡಿ ನಿವೃತ್ತರಾದವರು. ವಿಮಾನ ಹಾರಿಸಿದವರಲ್ಲ, ತೇಪೆ ಹಚ್ಚಿದವರು. ನಮ್ಮ ಕಡೆ ನಿವೃತ್ತರಾಗಿ ಬಂದವರು ಹೊಲ ನೋಡಿಕೊಳ್ಳುತ್ತಾರೆ, ಇಲ್ಲವೇ ಪುರಸಭೆ ಎಲೆಕ್ಷನ್ನಿಗೆ ನಿಲ್ಲುತ್ತಾರೆ. ಇವರು ನಕಾಶೆ ತರಿಸಿ, ಅಲ್ಯುಮಿನಿಯಂ ಹಾಳೆ ತರಿಸಿ, ಇಬ್ಬರು ಕೂಡುವ ವಿಮಾನವನ್ನು ಮನೆಯಲ್ಲೇ ಕಟ್ಟಲು ಕುಳಿತರು. ಮೊದಲು ಬಾಲ ಆಯಿತು. ಅದನ್ನು ಒಳಕೋಣೆಯಲ್ಲಿ ಮಲಗಿಸಿದರು. ಇಳಕಲ್ಲಿನಲ್ಲಿರುವ ಮಗಳು ಗೀತಾಂಜಲಿ ಹೆರಿಗೆಗೆ ತವರಿಗೆ ಬರಬೇಕಿತ್ತು. ಬಾಣಂತಿಯ ಹೊರಸು ಹಾಕುವ ಜಾಗದಲ್ಲಿ ವಿಮಾನದ ಬಾಲ ಇತ್ತು. ಹಾಗಾಗಿ ತವರೇ ಇಳಕಲ್ಲಿಗೆ ಹೋಯಿತು. ಕಾಕು ಅಂಟಿನುಂಡಿಯ ಡಬ್ಬಿ ಹಿಡಿದು, ಬೈಯುತ್ತಲೇ ಬಸ್ಸು ಹತ್ತಿದಳು.

ಆಕೆ ಅತ್ತ ಹೋದದ್ದೇ ತಡ, ಕಾಕಾನ ಕಣ್ಣು ಪಡಸಾಲೆಯ ಮೇಲೆ ಬಿತ್ತು. ಅಲ್ಲಿದ್ದದ್ದು ಕಾಕುವಿನ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಕುಳಿತು ನೇಯುವ ಮಗ್ಗ. ಮದುವೆಯಾಗಿ ಬಂದಾಗಿನಿಂದ ಆಕೆ ಅಲ್ಲೇ ಕುಳಿತವಳು. ಗಂಡ ಊರೂರು ತಿರುಗುವಾಗ ಎಳೆಗೂಸು ಗೀತಾಂಜಲಿಯನ್ನು ತೊಡೆಯ ಮೇಲೆ ಹಾಕಿಕೊಂಡೇ ಲಾಳಿ ಹೊಡೆದವಳು.

ಆದರೆ ರೆಕ್ಕೆ ಕಟ್ಟಲು ಉದ್ದನೆಯ, ಸಮನಾದ ನೆಲ ಬೇಕು. ನೆಲ ವಾಲಿದರೆ ರೆಕ್ಕೆ ತಿರುಚುತ್ತದೆ, ರೆಕ್ಕೆ ತಿರುಚಿದರೆ ವಿಮಾನ ಒಂದು ಮಗ್ಗುಲಿಗೆ ಹೊರಳುತ್ತದೆ. ಕಾಕಾ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದರು. ಕುಣಿಗೆ ಕಲ್ಲು ತುಂಬಿ ಕಾಂಕ್ರೀಟ್ ಹಾಕಿಸಿದರು. ಅದರ ಮೇಲೆ ನೀರು ಸುರಿದು, ಯಾವ ಕಡೆಗೂ ಹರಿಯುವುದಿಲ್ಲ ಎಂದು ನನ್ನನ್ನು ಕರೆದು ತೋರಿಸಿದರು. ಕಾಕು ಬರುವ ದಿನ ಬಾದಾಮಿಗೆ ಅಕ್ಕನ ಮನೆಗೆ ಹೋಗಿಬಿಡಬೇಕು ಎಂದುಕೊಂಡೆ. ಆದರೆ ಹೆದರಿಕೆಗಿಂತ ನೋಡುವ ಆಸೆ ದೊಡ್ಡದಿತ್ತು, ಉಳಿದೆ.

ಕಾಕು ಬಂದಳು. ಚೀಲ ಕೆಳಗಿಡಲಿಲ್ಲ. ನೆಲ ನೋಡಿದಳು, ಅದರ ಮೇಲೆ ನಿಂತಿದ್ದ ರೆಕ್ಕೆಯ ಚೌಕಟ್ಟು ನೋಡಿದಳು.

"ಛಲೋ ಆತು," ಎಂದು ಒಳಗೆ ಹೋದಳು.

"ನೋಡಿದೇನ ನೇತ್ರಾ, ನಾ ಸುಮ್ನ ಹೆದರಿದ್ದೆ. ನಿಮ್ಮ ಕಾಕು ಒಪ್ಪಿಕೊಂಡ್ಲು," ಎಂದರು ಕಾಕಾ. ಒಂದು ವಾರ ಅದೇ ಖುಷಿಯಲ್ಲಿದ್ದರು. ಹೆಂಡತಿ ಮಾತು ಬಿಟ್ಟಿದ್ದಾಳೆ ಎಂಬುದು ಅವರಿಗೆ ತಿಳಿದದ್ದು ನಾನು ಹೇಳಿದ ಮೇಲೆ. ತಿಳಿದ ಮೇಲೆ ತಾವೂ ಬಿಟ್ಟರು. ಮಿಲಿಟ್ರಿಯವರು, ಮೊದಲು ಬಗ್ಗಲಿಕ್ಕೆ ಬರುವುದಿಲ್ಲವಂತೆ.

ಅಲ್ಲಿಂದ ನನ್ನ ಟಪಾಲು ಕೆಲಸ ಶುರುವಾಯಿತು.

"ನೇತ್ರಾ, ಸಾರಿಗೆ ಉಪ್ಪು ಕಮ್ಮಿ ಐತಿ ಅಂತ ಹೇಳ ನಿಮ್ಮ ಕಾಕುಗ."

"ಉಪ್ಪಿನ ಡಬ್ಬಿ ಅವರ ಬಲಗೈ ಬಾಜೂಕನ ಐತಿ ಅಂತ ಹೇಳ ನಿಮ್ಮ ಕಾಕಾಗ."

ಇಬ್ಬರ ನಡುವೆ ಇದ್ದದ್ದು ಒಂದು ರೊಟ್ಟಿಬುಟ್ಟಿ. ನಾನು ಇನ್ನೂ ತೋಳು ಹಚ್ಚದ ಕುಬಸ ಕೈಯಲ್ಲಿ ಹಿಡಿದು ಅತ್ತ ಒಮ್ಮೆ, ಇತ್ತ ಒಮ್ಮೆ ತಿರುಗುತ್ತಿದ್ದೆ.

ಅಷ್ಟರಲ್ಲಿ ರೆಕ್ಕೆಗೆ ರಿವಿಟ್ ಹೊಡೆಯುವ ಕಾಲ ಬಂತು. ತಗಡಿನ ತೂತಿನಲ್ಲಿ ರಿವಿಟ್ ಇಟ್ಟು ಹೊರಗಿನಿಂದ ಒಬ್ಬರು ಗಾಳಿಯ ಗನ್ನಿನಿಂದ ಬಡಿಯಬೇಕು, ಒಳಗಿನಿಂದ ಇನ್ನೊಬ್ಬರು ಉಕ್ಕಿನ ಗಟ್ಟಿಯೊಂದನ್ನು ಆನಿಸಿ ಹಿಡಿಯಬೇಕು. ಆಗ ಒಳಗಿನ ತುದಿ ಚಪ್ಪಟೆಯಾಗಿ ಕೂಡುತ್ತದೆ. ಒಬ್ಬರಿಂದ ಆಗುವ ಕೆಲಸವಲ್ಲ. ಮೊದಲು ಕಾಕಾನ ಅಕ್ಕನ ಮಗ ಕಲ್ಲೇಶ ಬಂದ. ಕಿಸೆಯಲ್ಲಿ ಮೊಬೈಲ್ ನಡುಗಿದಾಗೆಲ್ಲ ಅವನೂ ನಡುಗುತ್ತಿದ್ದ. ರಿವಿಟ್‌ಗಳು ಒಂದೊಂದು ದಿಕ್ಕಿಗೆ ಮಲಗಿದವು. ಆಮೇಲೆ ವೆಲ್ಡಿಂಗ್ ಅಂಗಡಿಯ ನವೀದ ಬಂದ. ಟ್ರ್ಯಾಕ್ಟರ್ ಟ್ರೇಲರ್ ಮಾಡಿದ ಕೈ ಅದು. ಅವನು ಒತ್ತಿದ ರಭಸಕ್ಕೆ ತಗಡಿನ ಮೈಮೇಲೆ ಗುಳ್ಳೆ ಎದ್ದವು.

ಕಾಕು ಅಡುಗೆಮನೆಯ ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತ ಇದನ್ನೆಲ್ಲ ನೋಡುತ್ತಿದ್ದಳು. ಗಂಡನ ಮೇಲಿನ ಸಿಟ್ಟು ಒಂದು ಕಡೆ, ಕಣ್ಣೆದುರಿಗೆ ಕೆಲಸ ಕೆಡುವ ಸಂಕಟ ಇನ್ನೊಂದು ಕಡೆ. ಒಂದು ದಿನ ಜೋಳದ ಮೊರ ಬದಿಗಿಟ್ಟು ಎದ್ದು ಬಂದಳು. ನವೀದನ ಕೈಯಿಂದ ಗಟ್ಟಿ ಕಸಿದುಕೊಂಡಳು.

"ನೀ ಚಾ ಕುಡದು ಅಂಗಡಿಗೆ ಹೋಗಪಾ," ಎಂದಳು.

ಗನ್ನಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲವೆಂದು ಈ ಕೆಲಸದವರು ಬಡಿದು ಸುದ್ದಿ ಹೇಳುತ್ತಾರಂತೆ. ಒಳಗಿನವರು ಗಟ್ಟಿಯಿಂದ ಒಂದು ಸಲ ಬಡಿದರೆ, ಇನ್ನೂ ಹೊಡಿ. ಎರಡು ಬಡಿದರೆ, ಛಲೋ ಕುಂತಿತು. ಮೂರು ಬಡಿದರೆ, ಕೆಟ್ಟಿತು, ತೆಗೆ. ಕಾಕಾ ನನಗೆ ಹೇಳಿದರು, ನಾನು ಕಾಕುಗೆ ಹೇಳಿದೆ. ಮಾತಾಡದೆ ಗಂಡನಿಗೆ ಹುಕುಂ ಮಾಡುವ ಇಂಥ ಸೌಕರ್ಯ ಲೋಕದಲ್ಲಿದೆ ಎಂದು ಆಕೆಗೆ ಗೊತ್ತೇ ಇರಲಿಲ್ಲ. ಮುಖ ಅರಳಿತು.

ಆ ಪದ್ಧತಿ ಎರಡೇ ದಿನದಲ್ಲಿ ಅಡುಗೆಮನೆಗೂ ಬಂತು. ಊಟಕ್ಕೆ ಕುಳಿತ ಕಾಕಾ ಗಂಗಾಳಕ್ಕೆ ಒಂದು ಸಲ ಬಡಿದರೆ ಇನ್ನೊಂದು ರೊಟ್ಟಿ ಬೀಳುತ್ತಿತ್ತು. ಎರಡು ಬಡಿದರೆ ಬುಟ್ಟಿ ಮುಚ್ಚುತ್ತಿತ್ತು. ಹೀರೇಕಾಯಿ ಪಲ್ಯಕ್ಕೆ ಮೂರು ಬಡಿದ ದಿನ ಮಾತ್ರ ರಾತ್ರಿ ಒಲೆ ಹಚ್ಚಲಿಲ್ಲ, ಕಾಕಾ ನಮ್ಮ ಮನೆಯಲ್ಲಿ ಉಂಡರು.

ಕೊನೆಗೆ ರೆಕ್ಕೆಯೊಳಗಿನ ಪೆಟ್ರೋಲ್ ಟಾಕಿಯ ಸರದಿ. ಇಲ್ಲಿ ರಿವಿಟ್ ಗಟ್ಟಿ ಕುಳಿತರೆ ಸಾಲದು, ಒಂದು ಹನಿ ಸೋರಬಾರದು. ಎರಡು ಡಬ್ಬಿಯದನ್ನು ಕಲಸಿ ಸೀಲಂಟ್ ಎಂಬ ಕರಿ ಲೇಹ ಮಾಡಬೇಕು, ಪ್ರತಿ ರಿವಿಟನ್ನೂ ಅದರಲ್ಲಿ ಅದ್ದಿ ಹೊಡೆಯಬೇಕು, ಹೊಡೆದ ಮೇಲೆ ಒಳಗಿನ ತಲೆಗೂ ಒಂದು ಬೊಟ್ಟು ಮೆತ್ತಬೇಕು. ಕಲಸಿದ ಮೇಲೆ ಅದು ಯಾರಿಗೂ ಕಾಯುವುದಿಲ್ಲ, ಕಲ್ಲಾಗುತ್ತದೆ. ವಾಸನೆಯೋ, ಕೊಳೆತ ತತ್ತಿಯದು. ಎದುರುಮನೆಯ ಸೋಮವ್ವ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದವಳು. ಮೂಗಿಗೆ ಸೆರಗು ಒತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಮಿಲಿಟ್ರ್ಯಾಗ ಏನರ ತಿಂದಿರಿ, ನಾ ಕೇಳಂಗಿಲ್ಲ. ಓಣ್ಯಾಗ ತತ್ತಿ ಕುದಸಬ್ಯಾಡ್ರಿ."

"ತತ್ತಿ ಅಲ್ಲವಾ. ಇದು ವಿಮಾನದ್ದ ವಾಸನಿ," ಎಂದರು ಕಾಕಾ.

ಸೋಮವ್ವ ರೆಕ್ಕೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಇದೂ ತತ್ತಿ ಇಡತೈತೇನ್ರಿ?" ಎಂದಳು.

ಟಾಕಿಯೊಳಗೆ ಕೈ ಹಾಕಲು ಒಂದೇ ಕಿಂಡಿ ಇತ್ತು, ಅದರಲ್ಲಿ ಹಿಡಿಸುವುದು ಕಾಕುವಿನ ಕೈ ಮಾತ್ರ. ಹಸಿರು ಬಳೆ ತೆಗೆಯಬೇಕೆಂದು ಕಾಕಾ ನನ್ನ ಕೈಯಲ್ಲಿ ಹೇಳಿಕಳಿಸಿದರು. "ನನ್ನ ಗಂಡ ಇನ್ನೂ ಗಟ್ಟ್ಯಾಗಿ ಅದಾರ ಅಂತ ಹೇಳ," ಎಂದು ಉತ್ತರ ಬಂತು. ಬಳೆಯ ಮೇಲೆ ಬಟ್ಟೆ ಸುತ್ತಿ ಸೂಜಿಯಿಂದ ಟಾಕು ಹಾಕಿಕೊಟ್ಟವಳೂ ನಾನೇ.

ಕೆಲಸ ಚೆನ್ನಾಗಿ ನಡೆಯಿತು. ಸಾಲಿಗೆ ಸಾಲು ಎರಡು ಬಡಿತ, ಎರಡು ಬಡಿತ. ಕೊನೆಯ ಸಾಲಿನ ಕೊನೆಯ ರಿವಿಟ್ ಬಂತು. ಕಾಕಾ ಹೊಡೆದರು. ಒಳಗಿನಿಂದ ಮೂರು ಬಡಿತ. ಕೊರೆದು ತೆಗೆದು ಹೊಸದು ಹಾಕಿದರು. ಮತ್ತೆ ಮೂರು ಬಡಿತ. ಕಾಕು ಕೈ ಹೊರಗೆ ತೆಗೆದಾಗ ಕಾಕಾ ಕಿಂಡಿಯಲ್ಲಿ ಕನ್ನಡಿ ಇಳಿಸಿ, ಬ್ಯಾಟರಿ ಬೆಳಕು ಬಿಟ್ಟು ನೋಡಿದರು. ರಿವಿಟ್ ಹುರಿಗಡಲೆ ಬೇಳೆಯಂತೆ ದುಂಡಗೆ, ಚಪ್ಪಟೆಯಾಗಿ ಕುಳಿತಿತ್ತು, ಏನೂ ಕೆಟ್ಟಿರಲಿಲ್ಲ. ಮೂರನೆಯ ಸಲ ತೆಗೆದರೆ ತೂತು ಅಗಲವಾಗಿ ಆ ತಗಡೇ ಹೋಗುತ್ತದೆ. ಹಾಗೆಂದು ಬಿಡುವಂತೆಯೂ ಇಲ್ಲ. ಒಳಗಿನವರ ಬಡಿತವೇ ಕೊನೆಯ ಮಾತು, ಅದನ್ನು ಮೀರುವವನು ಗನ್ನು ಹಿಡಿಯಬಾರದು ಎಂದು ಕಲ್ಲೇಶನಿಗೆ ಪಾಠ ಹೇಳಿದವರು ಅವರೇ.

"ಏನ್ ಕೆಟ್ಟೈತಿ ಕೇಳ ಅಕಿಗೆ," ಎಂದು ನನ್ನನ್ನು ಕರೆದರು.

ಕೇಳಿದೆ. ಕಾಕು ಮತ್ತೆ ಟಾಕಿಯೊಳಗೆ ಕೈ ಹಾಕಿ ಕುಳಿತಿದ್ದಳು, ತಿರುಗಿಯೂ ನೋಡಲಿಲ್ಲ.

"ಅವರು ಯಾವುದರ ಮ್ಯಾಲ ನಿಂತಾರ, ಅದು," ಎಂದಳು.

ಕಾಕಾ ತಮ್ಮ ಪಾದ ನೋಡಿಕೊಂಡರು. ಬಟ್ಟಲಲ್ಲಿದ್ದ ಸೀಲಂಟ್ ಗಟ್ಟಿಯಾಗುತ್ತಿತ್ತು, ಅದಕ್ಕೆ ಚುಚ್ಚಿದ ಕಡ್ಡಿ ತಾನೇ ನಿಂತುಕೊಂಡಿತು.

"ನೆಲಾ ಒಡದ್ರ ರೆಕ್ಕಿ ಎಲ್ಲಿ ಇಡ್ಲಿ?" ಎಂದು ನನಗೆ ಹೇಳಿದರು. "ಅಷ್ಟಕ್ಕೂ ಅಕಿನ ಛಲೋ ಆತು ಅಂದಿದ್ಲಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ನನಗೆ ಅಳು ಬರುತ್ತದೆ, ಅದೊಂದು ಕೆಟ್ಟ ಚಾಳಿ.

"ಕಾಕಾ, ಅಕಿ ಕೂಡೂ ಜಾಗಾನ ಮುಚ್ಚಿ, ಅದರ ಮ್ಯಾಲ ನಿಂತು ನೀವು ಹಾರೂದು ಕಟ್ಟಾಕತ್ತೀರಿ. ಅದನ್ನೂ ನಾ ಹೇಳಬೇಕೇನ್ರಿ? ಇನ್ನ ಮ್ಯಾಲ ನಾ ಟಪಾಲ ಒಯ್ಯಂಗಿಲ್ಲ," ಎಂದು ಹೇಳಿ ಮನೆಗೆ ಬಂದೆ.

ಒಂದೆರಡು ದಿನ ಆ ಮನೆಯಿಂದ ಗನ್ನಿನ ಸದ್ದಿಲ್ಲ, ಬಡಿತವಿಲ್ಲ. ಗಂಗಾಳದ ಬಡಿತವೂ ಇಲ್ಲ. ಕಾಕಾ ಎಷ್ಟು ರೊಟ್ಟಿ ಬಿದ್ದವೋ ಅಷ್ಟು ತಿಂದು ಎದ್ದರಂತೆ. ಆಮೇಲೊಂದು ಬೆಳಿಗ್ಗೆ ಕಲ್ಲೇಶ, ನವೀದ, ಕಾಕಾ ಮೂವರೂ ರೆಕ್ಕೆಯನ್ನು ತಲೆಯ ಮೇಲೆ ಹೊತ್ತು ಓಣಿಗುಂಟ ನವೀದನ ಶೆಡ್ಡಿಗೆ ಸಾಗಿಸಿದರು. ಸೋಮವ್ವ ಹಿಂದಿನಿಂದ ಗೋಮೂತ್ರ ಚಿಮುಕಿಸಿಕೊಂಡು ಹೋದಳು.

ಸದ್ದು ಕೇಳಿ ನಾನು ಹೊಲಿಗೆ ಹಿಡಿದು ಹೋದೆ. ಕಾಕಾ ಹಾರೆಯಿಂದ ಪಡಸಾಲೆ ಒಡೆಯುತ್ತಿದ್ದರು. ಕಲ್ಲೇಶ ಕೈ ಹಚ್ಚಲು ಬಂದರೆ ಬೇಡವೆಂದರು. "ಯಾವನಪಾ ಇಷ್ಟ ಸಿಮೆಂಟ್ ಹಾಕಿದಂವ," ಎಂದು ಬೈದರು. ಪಕ್ಕದಲ್ಲಿ ನಿಂತು ಹಾಕಿಸಿದವರು ಅವರೇ. ಮಧ್ಯಾಹ್ನದ ಹೊತ್ತಿಗೆ ಕಲ್ಲೆಲ್ಲ ಹೊರಗೆ ಬಂದು ಕುಣಿ ಕಂಡಿತು. ಆದರೆ ಅದು ಮೊದಲು ಎಷ್ಟು ಆಳವಿತ್ತು? ವಿಮಾನದ ಒಂದೊಂದು ತೂತಿನ ಅಳತೆ ಬಾಯಿಪಾಠ ಇದ್ದವರಿಗೆ ಸ್ವಂತ ಪಡಸಾಲೆಯ ಕುಣಿಯ ಅಳತೆ ಗೊತ್ತಿರಲಿಲ್ಲ. ನನ್ನ ಕಡೆ ನೋಡಿದರು. ನಾನು ಸೂಜಿಯಿಂದ ಕಣ್ಣೆತ್ತಲಿಲ್ಲ. ಬೆವರು ಒರೆಸಿಕೊಂಡು ತಾವೇ ಅಡುಗೆಮನೆಯ ಹೊಸ್ತಿಲಿಗೆ ಹೋದರು.

"ಆಳ ಸಾಕೇನು, ಒಂದೀಟ ಬಂದು ನೋಡು," ಎಂದರು. ನನಗಲ್ಲ, ಹೆಂಡತಿಗೆ.

ಕಾಕು ಬಂದಳು. ಇಳಿಯಲಿಲ್ಲ. ನೀವೇ ಕೂಡಿರಿ ಎಂದು ಕೈ ತೋರಿಸಿದಳು. ಕಾಕಾ ಅಂಚಿನಲ್ಲಿ ಕುಳಿತು ಕುಣಿಗೆ ಕಾಲು ಬಿಟ್ಟರು, ಆ ಮನೆಯಲ್ಲಿ ಇಷ್ಟು ವರ್ಷ ಬಾಳಿ ಮೊದಲನೆಯ ಸಲ. ಕಣ್ಣೆದುರಿಗೆ ಬಾಗಿಲು ತೆರೆದಿತ್ತು. ಕೊಡ ಹೊತ್ತು ಹೋಗುವವರು, ಸೋಮವ್ವನ ಕಟ್ಟೆ, ಶಾಲೆ ಬಿಟ್ಟು ಬರುವ ಮಕ್ಕಳು, ನಮ್ಮ ಮನೆಯ ಮೆಟ್ಟಿಲು, ಓಣಿಯ ತುದಿಗೆ ಗುಡ್ಡದ ಕೆಂಪು ಬಂಡೆ. ಕಾಕಾ ಒಂದೊಂದನ್ನೇ ನೋಡಿದರು.

"ಇಲ್ಲಿ ಕುಂತ್ರ ಎಲ್ಲಾ ಕಾಣತೈತಲ್ಲ," ಎಂದರು ಮೆಲ್ಲಗೆ. "ನನಗ ಗೊತ್ತ ಇರಲಿಲ್ಲ. ನೀ ಒಂದ ಮಾತು ಹೇಳಬೇಕಿಲ್ಲೇನು?"

ಕಾಕು ಗಂಟಲು ಸರಿಮಾಡಿಕೊಂಡಳು.

"ಎಂಟ ತಿಂಗಳಾತು, ಹೇಳಾಕತ್ತೇನಿ," ಎಂದಳು.

ಆಮೇಲೆ ಇಬ್ಬರೂ ಜಗಳಕ್ಕೆ ಬಿದ್ದರು. ಕೊನೆಯ ರಿವಿಟ್ ಛಲೋ ಇತ್ತೋ ಇಲ್ಲವೋ, ಅಟ್ಟದ ಮೇಲಿನ ಮಗ್ಗಕ್ಕೆ ಇಲಿ ಬಿದ್ದಿದ್ದರೆ ಯಾರು ಹೊಣೆ, ಮೊಮ್ಮಗುವನ್ನು ನೋಡಲು ಇವರು ಇಳಕಲ್ಲಿಗೆ ಯಾಕೆ ಬರಲಿಲ್ಲ, ಎಲ್ಲ ಬಂತು. ದೀಪ ಹಚ್ಚುವ ಹೊತ್ತಾದರೂ ಮುಗಿಯಲಿಲ್ಲ. ನಾನು ಹೊಲಿಗೆ ಮಡಚಿಕೊಂಡು ಎದ್ದು ಬಂದೆ. ಯಾರೂ ನನ್ನನ್ನು ಕರೆಯಲಿಲ್ಲ.